ಮೇಜರ್ ಸಾಹೇಬರ ಜರ್ಮನ್ ಸಿಪಾಯಿಗಳು

ಆ ಪುಸ್ತಕದ ರಟ್ಟು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಬ್ಬಿಣದ ಟೋಪಿ ಹಾಕಿಕೊಂಡ ಜರ್ಮನ್ ಸಿಪಾಯಿ, ಅವನ ಹಿಂದೆ ಉರಿಯುತ್ತಿರುವ ಟ್ಯಾಂಕು, ಮೂಲೆಯಲ್ಲಿ ಸೆರಗು ಜಾರಿದ ಒಬ್ಬ ಹೆಂಗಸು. ಆ ದೇಶದ ಹೆಂಗಸಿಗೆ ಸೆರಗು ಎಲ್ಲಿಂದ ಬಂತೋ, ಚಿತ್ರ ಬರೆದವನೇ ಹೇಳಬೇಕು. ಬರೆದವರ ಹೆಸರಿನ ಮುಂದೆ ‘ಮೇಜರ್’ ಎಂದಿತ್ತು. ಕೆಳಗೆ ಕೆಂಪಕ್ಷರದಲ್ಲಿ ‘ಕಣ್ಣಾರೆ ಕಂಡ ನಿಜಕಥೆ’ ಎಂದು ಅಚ್ಚು ಹಾಕಿದ್ದರು. ಇಷ್ಟು ವರ್ಷವಾದರೂ ಆ ‘ಕಣ್ಣಾರೆ’ ಎಂಬ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಬಾಡಿಗೆಗೆ ಕಾದಂಬರಿ ಕೊಡುವ ಪುಟ್ಟ ಅಂಗಡಿಯಿತ್ತು. ಮೇಜರ್ ಸಾಹೇಬರ ಹೊಸ ಪುಸ್ತಕ ಬಂತೆಂದರೆ ಹಾಸ್ಟೆಲಿನಲ್ಲಿ ಕಿತ್ತಾಟ. ಜರ್ಮನ್ನರ ಮೇಲೆ ನಮ್ಮವರಿಗೆ ಅದೇನು ಅಕ್ಕರೆಯೋ. ಇಂಗ್ಲಿಷರನ್ನು ಸದೆಬಡಿದರಲ್ಲ, ಅಷ್ಟು ಸಾಕಿತ್ತು. ಮೇಜರ್ ಬರೆಯುವ ಸಿಪಾಯಿಯಂತೂ ಬಲು ಸಂಭಾವಿತ. ಊರು ಸುಡುವವರು ಯಾವಾಗಲೂ ಇನ್ಯಾರೋ; ಇವನು ಮರದ ಕೆಳಗೆ ಕೂತು ತಾಯಿಯನ್ನು ನೆನೆದು ಅಳುವವನು. ಬಂದೂಕಿನ ನಂಬರು, ಟ್ಯಾಂಕಿನ ತೂಕ ಎಲ್ಲ ಅಚ್ಚುಕಟ್ಟು. ಆದರೆ ಅದೇ ಸಿಪಾಯಿ ರಜೆಗೆ ಊರಿಗೆ ಹೋದರೆ ಬಾಗಿಲಲ್ಲಿ ಬೂಟು ಬಿಚ್ಚಿ ತಾಯಿಯ ಕಾಲಿಗೆ ಬೀಳುತ್ತಿದ್ದ. ಆಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಹುಡುಗರು ನಕ್ಕು ಮುಂದಿನ ಪುಟ ತಿರುಗಿಸುತ್ತಿದ್ದರು. ಟ್ಯಾಂಕಿನ ತೂಕ ಸರಿಯಿದೆ ಎಂದಮೇಲೆ ಮಿಕ್ಕದ್ದೂ ಹೆಚ್ಚುಕಡಿಮೆ ನಿಜವೇ ಇರಬೇಕು ಎಂದು ಎಲ್ಲರ ಎಣಿಕೆ.

ಆ ಸಂಭಾವಿತರ ಗುಂಡು ನಮ್ಮವರ ಎದೆಗೂ ಬಿದ್ದಿತ್ತು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ನನ್ನ ದೊಡ್ಡಪ್ಪ ಹೋದದ್ದು ಆ ಯುದ್ಧಕ್ಕೇ.

ದೊಡ್ಡಪ್ಪ ಎಂದರೆ ನನ್ನ ತಾಯಿಯ ಅಕ್ಕನ ಗಂಡ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಲಾಯದ ಕೆಲಸದಲ್ಲಿದ್ದರು. ಕುದುರೆ ಪಳಗಿಸಿದ ಕೈ ಬೇಕೆಂದು ಪಟಾಲಮ್ಮಿನವರು ಸೇರಿಸಿಕೊಂಡು ಇಟಲಿಗೆ ಕಳಿಸಿದರು. ಹೇಸರಗತ್ತೆಗಳ ಮೇಲೆ ಮದ್ದುಗುಂಡು ಹೇರಿ ಬೆಟ್ಟ ಹತ್ತಿಸುವುದು ಅವರ ಕೆಲಸ. ಆಮೇಲೆ ಒಂದು ತಂತಿ ಬಂತು, ಕಾಣೆಯಾಗಿದ್ದಾರೆ ಎಂದು. ಸತ್ತರು ಎಂದಿಲ್ಲ, ಸೆರೆ ಸಿಕ್ಕರು ಎಂದಿಲ್ಲ. ದೊಡ್ಡಮ್ಮ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಸೋಮವಾರ ಬಂದರೆ ಯಡಿಯೂರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಿದ್ದಳು. ಅದೇ ಮನೆಯಲ್ಲಿ ದೊಡ್ಡಪ್ಪನ ತಾಯಿಯೂ ಇದ್ದಳು, ಕಣ್ಣು ಮಂಜಾಗಿದ್ದ ಮುದುಕಿ. ಅವಳದು ಒಂದೇ ಆಸೆ: ಪಿತೃಪಕ್ಷದಲ್ಲಿ ಮಗನ ಹೆಸರಲ್ಲಿ ಎಡೆ ಇಡಬೇಕು, ಅವನಿಗೆ ಇಷ್ಟವಾದ ಅಡುಗೆ ಬಡಿಸಬೇಕು. ವರ್ಷ ವರ್ಷವೂ ಇಬ್ಬರಿಗೂ ಜಗಳ.

“ನಾನು ಕಣ್ಮುಚ್ಚೋದ್ರೊಳ್ಗೆ ನನ್ ಮಗನ್ಗೆ ಒಂದ್ ತುತ್ತು ಇಕ್ಬುಡು ತಾಯಿ” ಎಂದು ಅಜ್ಜಿ ಆ ವರ್ಷ ಸೊಸೆಯ ಕೈ ಹಿಡಿದುಕೊಂಡಳು. ದೊಡ್ಡಮ್ಮ ಕಡೆಗೂ ಒಪ್ಪಿದಳು. ಮಹಾಲಯ ಅಮಾವಾಸ್ಯೆಗೆ ಎಡೆ ಎಂದು ನಿಶ್ಚಯವಾಯಿತು.

ಅಮಾವಾಸ್ಯೆ ಹತ್ತಿರ ಬರುತ್ತಿದ್ದಾಗ ನಾನು ಕುಣಿಗಲ್ಲಿಗೆ ಹೋದೆ. ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ, ನಾನು ಏನು ತಂದರೂ ಓದಿಸಿ ಕೇಳುತ್ತಿದ್ದಳು. ಮೇಜರ್ ಸಾಹೇಬರ ಹೊಸ ಪುಸ್ತಕ ಚೀಲದಲ್ಲಿತ್ತು. ಅವಳು ರಾಗಿ ಹಸನು ಮಾಡುತ್ತಿದ್ದಳು, ನಾನು ಕಂಬಕ್ಕೆ ಒರಗಿ ಓದುತ್ತಿದ್ದೆ. ಇಟಲಿಯ ಬೆಟ್ಟದಲ್ಲಿ ಒಬ್ಬ ಇಂಡಿಯಾದ ಸಿಪಾಯಿ ಜರ್ಮನ್ನರಿಗೆ ಸೆರೆ ಸಿಕ್ಕುತ್ತಾನೆ. ಅವರು ಬ್ರೆಡ್ಡು ಕೊಟ್ಟರೆ ಮೊದಲ ತುತ್ತು ಮುರಿದು ತನ್ನ ಹೇಸರಗತ್ತೆಯ ಬಾಯಿಗಿಟ್ಟು, ಆ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು, ಆಮೇಲೆ ತಾನು ತಿನ್ನುತ್ತಾನೆ. ಅದನ್ನು ಕಂಡ ಸಾರ್ಜೆಂಟ್ ಕರಗಿ, ತನ್ನ ಕಂಬಳಿಯನ್ನೇ ಅವನಿಗೆ ಹೊದಿಸಿ, ಯುದ್ಧ ಮುಗಿದಮೇಲೆ ತನ್ನೂರಿಗೆ ಕರೆದುಕೊಂಡು ಹೋಗಿ ಹೊಲ ನೋಡಿಕೊಳ್ಳಲು ಇಟ್ಟುಕೊಳ್ಳುತ್ತಾನೆ.

“ನಿಲ್ಸು” ಎಂದಳು ದೊಡ್ಡಮ್ಮ. ಮೊರ ಕೆಳಗಿಟ್ಟಳು. “ತುತ್ತಿಂದು ಇನ್ನೊಂದ್ಸಲ ಓದು.”

ಓದಿದೆ.

“ಇವ್ರು ನಮ್ಮೋರು ಕಣ್ಲಾ. ನಮ್ ಮದ್ವೇಲಿ ಎಲೆ ಮುಂದಿಂದ ಎದ್ದೋಗಿ, ಹೊರ್ಗಡೆ ನಿಂತಿದ್ ಜಟಕಾ ಕುದ್ರೆಗೆ ಮೊದಲ್ ತುತ್ತು ಕೊಟ್ಟು, ಹಿಂಗೇ ಹಣೆಗೆ ಮುಟ್ಟಿಸ್ಕಂಡ್ ಬಂದ್ರು. ಲಾಯದೋರೆಲ್ಲ ಆಡ್ಕಂಡ್ ನಗೋರು. ಇನ್ಯಾರ್ ಮಾಡ್ತಾರೆ ಹಿಂಗೆ?”

ಎಡೆ ಅಲ್ಲಿಗೇ ನಿಂತಿತು. “ಬದ್ಕಿರೋರ್ಗೆ ಎಡೆ ಇಕ್ತಾರಾ?” ಎಂದು ದೊಡ್ಡಮ್ಮ ಅತ್ತೆಯ ಮುಖಕ್ಕೇ ಕೇಳಿದಳು. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು, ಊಟಕ್ಕೂ ಏಳಲಿಲ್ಲ. ದೊಡ್ಡಮ್ಮ ನನ್ನ ತೋಳು ಹಿಡಿದಳು. “ಆ ಮೇಜರ್ನ ಹುಡುಕ್ಕಂಡು ಹೋಗಿ ಕೇಳ್ಕಂಬಾ ಮಗ. ಯಾವೂರಲ್ಲಿ ಅವ್ರೆ ಅಂತ.”

ಪುಸ್ತಕ ಅಚ್ಚಾದದ್ದು ತುಮಕೂರಿನ ಒಂದು ಪ್ರೆಸ್ಸಿನಲ್ಲಿ. ಅಲ್ಲಿಯವರು ‘ಮೇಜರ್ ಸಾಹೇಬರೇ?’ ಎಂದು ಕಿಸಕ್ಕನೆ ನಕ್ಕು ಗುಬ್ಬಿಯ ವಿಳಾಸ ಹೇಳಿದರು. ರೈಲು ಹತ್ತಿ ಹೋದೆ. ಬನಿಯನ್ ಹಾಕಿಕೊಂಡ ಒಬ್ಬರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಅವರೇ ಮೇಜರ್ ಸಾಹೇಬರು. ಹಿಂದೆ ನಾಟಕದ ಕಂಪನಿಯೊಂದರಲ್ಲಿ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವ ಕೆಲಸ ಮಾಡಿದವರು. ಕಂಪನಿ ಮುಚ್ಚಿದಮೇಲೆ ಕಾದಂಬರಿಗೆ ಇಳಿದಿದ್ದರು. ಪಕ್ಕದಲ್ಲಿ ಬೆಂಗಳೂರಿನ ಫುಟ್‌ಪಾತಿನಿಂದ ತಂದ ಹಳೇ ಇಂಗ್ಲಿಷ್ ಪುಸ್ತಕಗಳು ಬಿದ್ದಿದ್ದವು. ಬಂದೂಕು, ಟ್ಯಾಂಕು ಎಲ್ಲ ಅಲ್ಲಿಂದ. ನಾನು ಹೊಗಳಲು ಬಂದೆನೆಂದುಕೊಂಡು ಕಾಫಿ ತರಿಸಿದರು.

“ಸಾರ್, ನೀವು ಇಟಲಿಯಲ್ಲಿ ಎಷ್ಟು ದಿನ ಇದ್ರಿ?” ಎಂದೆ.

“ಇಟಲಿನಾ? ನಾನು ಅರಸೀಕೆರೆ ದಾಟಿಲ್ಲ ಕಣಪ್ಪ. ಮೇಜರ್ ಅಂತ ಸೇರ್ಸಿದ್ದು ಪ್ರೆಸ್ಸಿನೋರು. ಇಲ್ದಿದ್ರೆ ಯಾರ್ ಓದ್ತಾರೆ?”

“ಮತ್ತೆ ಹೇಸರಗತ್ತೆಗೆ ಮೊದಲ ತುತ್ತು ಕೊಡೋದು?”

ಅವರ ಮುಖ ಅರಳಿತು. “ಚೆನ್ನಾಗ್ ಬಂದಿದೆ ಅಲ್ವಾ? ಎಲ್ರೂ ಅದನ್ನೇ ಹೇಳ್ತಾರೆ. ಯಡಿಯೂರು ಬಸ್ಸಲ್ಲಿ ಹಿಂದಿನ ಸೀಟಲ್ಲಿ ಒಬ್ಬಾಕೆ ಹೇಳ್ಕೊಂಡು ಅಳ್ತಿದ್ಲು, ಗಂಡ ಹಂಗ್ ಮಾಡ್ತಿದ್ದ ಅಂತ. ಅಂಥದ್ದೆಲ್ಲ ಮನೇಲಿ ಕೂತು ಯೋಚ್ನೆ ಮಾಡಿದ್ರೆ ಹೊಳೆಯಲ್ಲ.”

ಆ ಇಡೀ ಪುಸ್ತಕದಲ್ಲಿ ಇದ್ದ ನಿಜ ಅದೊಂದೇ. ಅದೂ ನಮ್ಮ ಮನೆಯದು. ದೊಡ್ಡಮ್ಮನ ಬಾಯಿಂದಲೇ ಹೋಗಿ, ಕೆಂಪಕ್ಷರದ ರಟ್ಟು ಹೊದ್ದುಕೊಂಡು ಅವಳ ಹತ್ತಿರಕ್ಕೇ ಸಾಕ್ಷಿ ಹೇಳಲು ಬಂದಿತ್ತು. ಆಕೆ ಯಾರೆಂದು ನಾನು ಹೇಳಿದೆ. ಎಡೆ ನಿಂತದ್ದನ್ನೂ ಅಜ್ಜಿ ಊಟ ಬಿಟ್ಟದ್ದನ್ನೂ ಹೇಳಿದೆ. “ಅಯ್ಯೋ ಪಾಪ” ಎಂದರು. ಎರಡು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದರು: “ಆಕೆ ಇನ್ನೂ ಏನಾದ್ರೂ ಹೇಳ್ತಾರಾ, ಗಂಡನ ವಿಚಾರ?”

ಕೊರಳಪಟ್ಟಿ ಹಿಡಿದು ಎಳೆಯಬೇಕು ಎನ್ನಿಸಿತು. ಬನಿಯನ್ನಿಗೆ ಕೊರಳಪಟ್ಟಿ ಇರಲಿಲ್ಲ. ಕಾಫಿ ಮುಟ್ಟದೆ ಎದ್ದು ಬಂದೆ. ಯಾರ ಗಂಡ ಸತ್ತರೆ ಇವರಿಗೇನು? ಅಳುವವಳ ಮುಂದಿನ ಸೀಟಿನಲ್ಲಿ ಕೂತು ಕಿವಿ ನೆಟ್ಟಗೆ ಮಾಡಿಕೊಂಡರೆ ಕಣ್ಣಾರೆ ಕಂಡ ಹಾಗಾಯಿತೇ?

ಅಲ್ಲಿಂದ ನೇರ ಕುಣಿಗಲ್ಲಿಗೆ ಹೋಗಿ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಮರೆಮಾಚುವುದು ನನ್ನಿಂದ ಆಗುತ್ತಿರಲಿಲ್ಲ.

“ಬಸ್ಸಲ್ಲಿ ಅಳ್ತಿದ್ದೋಳು ನಾನೇನಾ?” ಎಂದಳು.

“ಹೂಂ.”

“ಎಷ್ಟೊಂದ್ ಜನುಕ್ ಹೇಳ್ಕಂಡಿವ್ನಿ ಬುಡು.” ಆಮೇಲೆ ಒಳಗೆ ಹೋಗಿ ಅತ್ತೆಯ ಹೆಗಲು ಮುಟ್ಟಿದಳು. “ಅತ್ತೆಮ್ಮ, ಎದ್ದೇಳಿ. ನಿಮ್ ಮಗನ್ಗೆ ಏನೇನ್ ಮಾಡ್ಬೇಕು, ಹೇಳಿ.”

ಅಮಾವಾಸ್ಯೆಯ ದಿನ ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಪಕ್ಕದಲ್ಲಿ ಹೊಸ ಪಂಚೆ. ಕರ್ಪೂರ ಹಚ್ಚುವ ಮುಂಚೆ ದೊಡ್ಡಮ್ಮ ಆ ಎಲೆಯ ಮುದ್ದೆಯಿಂದ ಒಂದು ತುತ್ತು ಮುರಿದುಕೊಂಡು ಬೀದಿಗೆ ನಡೆದಳು. ಎಡೆ ಮುಟ್ಟಿದಳು ಎಂದು ನೆಂಟರು ಗೊಣಗಿದರು, ಅವಳು ತಿರುಗಿ ನೋಡಲಿಲ್ಲ. ಬೀದಿಯ ಕೊನೆಯಲ್ಲಿ ನಿಂತಿದ್ದ ಜಟಕಾ ಕುದುರೆಗೆ ಆ ತುತ್ತು ತಿನ್ನಿಸಿ, ಕೈ ಹಣೆಗೆ ಮುಟ್ಟಿಸಿಕೊಂಡು ಬಂದಳು. “ಈಗ ಹಚ್ಚಿ” ಎಂದಳು. ಪೂಜೆಯಾದಮೇಲೆ ಬಳೆಗಳನ್ನು ತಾನೇ ಒಂದೊಂದಾಗಿ ತೆಗೆದು ಗೂಡಿನಲ್ಲಿಟ್ಟಳು, ಒಡೆಯಲು ಯಾರಿಗೂ ಬಿಡಲಿಲ್ಲ. ಅಜ್ಜಿ ಆವತ್ತು ಹೊಟ್ಟೆ ತುಂಬ ಉಂಡಳು.

ಸಂಜೆ ನೆಂಟರೆಲ್ಲ ಹೋದಮೇಲೆ ದೊಡ್ಡಮ್ಮ ಕೇಳಿದಳು. “ಆ ಪುಸ್ತಕ ವಾಪಸ್ ಕೊಟ್ಬುಟ್ಯಾ?”

“ಇಲ್ಲ. ಒಲೆಗೆ ಹಾಕ್ತೀನಿ.”

“ಬ್ಯಾಡ. ತಂದು ಓದು ಅದುನ್ನ.”

“ಸುಳ್ಳು ಅಂತ ಗೊತ್ತಾಯ್ತಲ್ಲ ದೊಡ್ಡಮ್ಮ. ಆ ಮನುಷ್ಯ ಕಳ್ಳ.”

“ಗೊತ್ತಾಯ್ತು. ಸರ್ಕಾರದೋರು ಕಾಣೆ ಅಂದ್ಬುಟ್ಟು ಕೈ ತೊಳ್ಕಂಡ್ರು. ಈ ಕಳ್ಳನಾದ್ರೂ ಅವ್ರಿಗ್ ಬ್ರೆಡ್ಡು ಕೊಡ್ಸವ್ನೆ. ಓದು.”

ಓದಿದೆ. ಗುಬ್ಬಿಯ ಆ ಜಗಲಿಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈಯುತ್ತಾ, ಬೇಗ ಮುಗಿದರೆ ಸಾಕೆಂದು ಓದಿದೆ. ಜರ್ಮನ್ ಸಾರ್ಜೆಂಟ್ ತನ್ನ ಕಂಬಳಿ ತೆಗೆದು ಹೊದಿಸುವ ಸಾಲು ಬಂತು. ದೊಡ್ಡಮ್ಮ ಬಳೆಯಿಲ್ಲದ ಕೈಯನ್ನು ಪುಟದ ಮೇಲೆ ಅಡ್ಡ ಇಟ್ಟು, “ನಿಧಾನಕ್ಕೆ ಓದು” ಎಂದಳು.