ಸೀಟಿಲ್ಲದ ಸೈಕಲ್ಲು, ಇಳಿಯದ ಅಪ್ಪ

ಸೊಲ್ಲಾಪುರದಿಂದ ನಾನು ಕೊಂಡು ತಂದ ಹಳೆಯ ಸೈಕಲ್ಲಿಗೆ ಸೀಟು ಇರಲಿಲ್ಲ. ಕಳೆದುಹೋದದ್ದಲ್ಲ, ಮುರಿದದ್ದೂ ಅಲ್ಲ. ಆ ಬಗೆಯ ಸೈಕಲ್ಲಿಗೆ ಸೀಟೇ ಇರುವುದಿಲ್ಲ. ಅದು ಕೂತು ಊರಿಗೆ ಹೋಗುವ ಸೈಕಲ್ಲಲ್ಲ. ಪೆಡಲಿನ ಮೇಲೆ ನಿಂತು, ಎರಡೂ ಬ್ರೇಕು ಬಿಗಿಹಿಡಿದು, ಕಪ್ಪೆಯ ಹಾಗೆ ಕುಪ್ಪಳಿಸಿ ಕಲ್ಲು, ದಿಮ್ಮಿ, ಗೋಡೆ ಏರುವುದಕ್ಕೆಂದೇ ಮಾಡಿದ್ದು. ಆ ಆಟಕ್ಕೆ ಟ್ರಯಲ್ಸ್ ಅನ್ನುತ್ತಾರೆ. ಇಷ್ಟನ್ನೂ ನಾನು ನಮ್ಮೂರು ಮಣ್ಣೂರಿನ ಬಸ್ ನಿಲ್ದಾಣದಿಂದ ನಮ್ಮ ಓಣಿಯ ತನಕ ಎದುರಾದವರಿಗೆಲ್ಲ ವಿವರಿಸುತ್ತ ಬಂದೆ. ಎಲ್ಲರೂ ಸಮಾಧಾನದಿಂದ ಕೇಳಿಸಿಕೊಂಡು, ಕೊನೆಗೆ ಸೀಟು ಯಾವಾಗ ಬರುತ್ತದೆ ಎಂದು ವಿಚಾರಿಸಿದರು.

ಮನೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಸೈಕಲ್ಲನ್ನು ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಒಮ್ಮೆ ನೋಡಿದ.

"ಟೋಪಿ ಹಾಕ್ಯಾರಲೇ ನಿನಗ. ನಾಳಿಗಿ ಹೋಗಿ ಸೀಟು ಇಸಗೊಂಡು ಬಾ."

ನಾನು ಅಫಜಲಪುರದಿಂದ ಜೇವರ್ಗಿಗೆ ಹೋಗಿ ಬರುವ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಅದಕ್ಕೂ ಮೊದಲೇ ಅಂಗಿಯ ಗುಂಡಿ ದಾಟಿತ್ತು. ಜೇವರ್ಗಿಯಲ್ಲಿ ಬಸ್ಸು ನಿಂತಾಗ ಫೋನಿನಲ್ಲಿ ಈ ಆಟ ನೋಡಿ ನೋಡಿ ಹುಚ್ಚು ಹಿಡಿಯಿತು. ನಮ್ಮ ಕಡೆಯ ರಸ್ತೆಗಳಲ್ಲಿ ಓಡುವ ಬಸ್ಸಿನೊಳಗೆ ಏನನ್ನೂ ಹಿಡಿಯದೆ ನಿಂತು ಟಿಕೆಟು ಕೊಟ್ಟು ಚಿಲ್ಲರೆ ಎಣಿಸುವವನು ನಾನು. ತೂಕ ಹಿಡಿದು ನಿಲ್ಲುವುದನ್ನು ನನಗೆ ಯಾರು ಕಲಿಸಬೇಕು ಎಂಬ ಜಂಬ ಇತ್ತು. ಆ ಜಂಬ ಮೊದಲ ಸಂಜೆ ಓಣಿಯ ಧೂಳಿನಲ್ಲಿ ಮಣ್ಣುಪಾಲಾಯಿತು.

ಅಪ್ಪನ ವಿಷಯ ಹೇಳದೆ ಈ ಸೈಕಲ್ಲಿನ ಕಥೆ ಮುಂದಕ್ಕೆ ಹೋಗುವುದಿಲ್ಲ. ಹಿಂದಿನ ವರ್ಷ ಆತ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಕಲಬುರಗಿಯಲ್ಲಿ ಆಪರೇಷನ್ ಆಯಿತು, ಎಲುಬು ಕೂಡಿತು, ಇನ್ನು ಧಾರಾಳವಾಗಿ ತಿರುಗಾಡಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಪ್ಪ ಕೋಲು ಊರಿ ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಟ್ಟೆಗೆ ಚೆನ್ನಾಗಿಯೇ ನಡೆಯುತ್ತಿದ್ದ. ಆದರೆ ಕಟ್ಟೆಯಿಂದ ಓಣಿಗೆ ಇಳಿಯುತ್ತಿರಲಿಲ್ಲ. ಮೊಣಕಾಲೆತ್ತರದ ಕಟ್ಟೆ, ನಡುವೆ ಇಳಿಯಲು ಮೆಟ್ಟಿಲಿನಂಥ ಒಂದೇ ಒಂದು ಪಾವಟಿಗೆ. ಆ ಪಾವಟಿಗೆಯ ಮುಂದೆ ಬಂದು ಕಾಲು ನಿಂತುಬಿಡುತ್ತಿತ್ತು. ಮೊದಲೆಲ್ಲ ದಿನಾ ಸಂಜೆ ಹೊಳೆಯ ತನಕ ನಡೆದು, ಭೀಮೆಯ ದಂಡೆಯಲ್ಲಿ ತನ್ನ ಓರಗೆಯವರ ಜೊತೆ ಕೂತು, ಊರಿನ ಸುದ್ದಿಯನ್ನೆಲ್ಲ ಮನೆಗೆ ಹೊತ್ತು ತರುತ್ತಿದ್ದವನು ಆತ. ಮೊದಮೊದಲು ಆ ಗೆಳೆಯರೇ ಕಟ್ಟೆಗೆ ಬಂದು ಮಾತಾಡಿಸಿ ಹೋಗುತ್ತಿದ್ದರು, ಆಮೇಲೆ ಬರುವುದು ಕಡಿಮೆಯಾಯಿತು. ಅಪ್ಪ ಇನ್ನು ಓಣಿಯನ್ನು ಮೇಲಿನಿಂದ ನೋಡುವುದರಲ್ಲೇ ಉಳಿದುಬಿಡುತ್ತಾನೇನೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಇತ್ತ ನನ್ನ ಆಟಕ್ಕೆ ಬೀಳುವುದಕ್ಕಿಂತ ದೊಡ್ಡ ತೊಂದರೆ ಒಂದಿತ್ತು. ಏರಲು ಏನೂ ಇರಲಿಲ್ಲ. ಫೋನಿನಲ್ಲಿ ಆ ಹುಡುಗರು ಕಂಡ ಕಂಡದ್ದರ ಮೇಲೆ ಹಾರುತ್ತಾರೆ. ನಮ್ಮ ಊರಿನಲ್ಲಿ ಮೊಣಕಾಲೆತ್ತರ ಇರುವುದೆಲ್ಲ ಒಂದೋ ದೇವರು, ಇಲ್ಲವೋ ಹಿರಿಯರು ಕೂಡುವ ಜಾಗ. ಬೇವಿನಗಿಡದ ಕಟ್ಟೆ ಒಳ್ಳೆಯ ಎತ್ತರ, ಆದರೆ ಅಲ್ಲಿ ಪಂಚರು ಕೂಡುತ್ತಾರೆ. ಹೊಲದ ಬದುವಿನಲ್ಲಿ ಒಂದು ಅಚ್ಚುಕಟ್ಟಾದ ಕಲ್ಲು ಸಿಕ್ಕಿತೆಂದು ಹಿಗ್ಗಿ ಹತ್ತಿರ ಹೋದರೆ ಅದಕ್ಕೆ ಕುಂಕುಮ ಹಚ್ಚಿತ್ತು. ಹಿಟ್ಟಿನ ಗಿರಣಿಯ ಮುಂದಿನ ಚಪ್ಪಡಿಯ ಮೇಲೆ ಹೆಂಗಸರು ಜೋಳದ ಡಬ್ಬಿ ಇಳಿಸುತ್ತಾರೆ. ಹಿತ್ತಲಿನಲ್ಲಿ ಬೋರಲು ಬಿದ್ದಿದ್ದ ಹಳೆಯ ಒಳ್ಳನ್ನು ನಾನು ಬರೀ ದಿಟ್ಟಿಸಿ ನೋಡಿದ್ದೆ, ಅಷ್ಟಕ್ಕೇ ಹೆಂಡತಿ ಒಳಗಿನಿಂದ ಕೂಗಿದಳು.

"ಒಳ್ಳಿನ ಮ್ಯಾಲ ಕಾಲಿಡಬಾರದ್ರಿ. ಅದರಾಗ ಖಾರ ಕುಟ್ಟಿ ತಿಂದೀರಿ ನೀವು."

ಕೊನೆಗೆ ಕೈ ಹಿಡಿದದ್ದು ಅಪ್ಪ ಬಿದ್ದ ಬಚ್ಚಲು. ಆತ ಜಾರಿದ ಮೇಲೆ ಅಲ್ಲಿನ ನುಣುಪು ಫರಸಿ ಕಲ್ಲುಗಳನ್ನು ಕಿತ್ತು ಒರಟು ಕಲ್ಲು ಹಾಕಿಸಿದ್ದೆವು. ಕಿತ್ತ ಫರಸಿಗಳು ಹಿತ್ತಲ ಗೋಡೆಗೆ ಒರಗಿ ನಿಂತಿದ್ದವು. ಅವಕ್ಕೆ ದೇವರಿರಲಿಲ್ಲ, ದೂರು ಹೇಳುವವರೂ ಇರಲಿಲ್ಲ. ಅವನ್ನು ಓಣಿಗೆ ಹೊತ್ತು ತಂದು ಒಂದು ಹಾಸಿ ಏರುವುದು ಕಲಿತೆ. ಅದು ಬಂದ ಮೇಲೆ ಅದರ ಮೇಲೆ ಇನ್ನೊಂದು ಇಡುವುದು. ಕಲ್ಲು ಏರಿದ ಹಾಗೆ ನಾನೂ ಏರಬೇಕು, ಲೆಕ್ಕ ಅಷ್ಟೇ.

ಓಣಿಯಲ್ಲಿ ಸಪಾಟು ನೆಲ ಇದ್ದದ್ದು ನಮ್ಮ ಕಟ್ಟೆಯ ಮುಂದೆ ಮಾತ್ರ. ಹೀಗಾಗಿ ನಾನು ಬೀಳುವುದೆಲ್ಲ ಅಪ್ಪನ ಕಣ್ಣೆದುರೇ ನಡೆಯಿತು. ಬಹಳ ದಿನಗಳಿಂದ ಆತನಿಗೆ ಇಷ್ಟು ಒಳ್ಳೆಯ ಮನರಂಜನೆ ಸಿಕ್ಕಿರಲಿಲ್ಲ. ನಾನು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಚಹಾ ತರಿಸಿಕೊಂಡು ತಯಾರಾಗಿರುತ್ತಿದ್ದ. ಹಾದು ಹೋಗುವವರನ್ನೂ ಕರೆದು ನಿಲ್ಲಿಸುತ್ತಿದ್ದ.

"ಜರಾ ನಿಂದ್ರೋ, ಈಗ ಬೀಳ್ತಾನ ನೋಡು."

ಅವರನ್ನು ನಾನು ನಿರಾಶೆಗೊಳಿಸಿದ್ದು ಕಡಿಮೆ.

ಒಂದು ಸಂಜೆ ಹಾಗೆ ಬಿದ್ದು ಎದ್ದು ಮೈ ಝಾಡಿಸಿಕೊಳ್ಳುತ್ತ, ನಗುತ್ತಿದ್ದ ಆತನಿಗೆ ಅಂದೆ: "ಯಪ್ಪಾ, ಮ್ಯಾಲ ಕುಂತು ನಗೂದು ಸಸಾರ ಅದ. ಬಾ, ಕೈ ಹಿಡೀತೇನಿ, ಒಂದು ಪಾವಟಿಗಿ ಇಳಿ."

ಅಪ್ಪನ ನಗು ನಿಂತಿತು. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಅಂಚನ್ನು ನೋಡಿದ. ಆಮೇಲೆ ಅಂದ:

"ನಿನ್ನ ಸೈಕಲ್ ಈ ಕಟ್ಟಿ ಏರಿದ ದಿನ ನಾ ಇಳೀತೇನಿ. ಪೈಜ ಕಟ್ಟು."

ಹೆಂಡತಿ ಬಾಗಿಲಲ್ಲಿ ನಿಂತು ಸಾಕ್ಷಿಯಾದಳು. ಈ ಜನ್ಮದಲ್ಲಿ ಇಳಿಯುವ ಪ್ರಸಂಗ ಬರುವುದಿಲ್ಲ ಎಂಬ ಭರವಸೆಯಿಂದಲೇ ಅಪ್ಪ ಪೈಜ ಕಟ್ಟಿದ್ದು ಎಂಬುದು ಮೂವರಿಗೂ ಗೊತ್ತಿತ್ತು.

ನಾನು ಹಟಕ್ಕೆ ಬಿದ್ದೆ. ಮಳೆಗಾಲ ಹೋಗಿ ಚಳಿ ಬಂತು. ಮೊದಲು ಗಾಲಿ ಉರುಳಿಸದೆ ಇದ್ದಲ್ಲೇ ನಿಲ್ಲುವುದು ಬಂತು. ಅದಾದ ಮೇಲೆ ನಿಂತಲ್ಲೇ ಕುಪ್ಪಳಿಸುವುದು ಬಂತು. ಬಳಿಕ ಅರ್ಧ ಪೆಡಲ್ ತುಳಿದು ಮುಂದಿನ ಗಾಲಿಯನ್ನು ಕಲ್ಲಿನ ಅಂಚಿಗೆ ಇಡುವುದು. ಕಷ್ಟವೆಲ್ಲ ಹಿಂದಿನ ಗಾಲಿಯದು. ಅದು ನೆಲ ಬಿಡುವುದಿಲ್ಲ. ಮೈಯನ್ನು ಮುಂದಕ್ಕೆ ಎಸೆದು, ಎರಡು ಕಾಲನ್ನೂ ಎದೆಯ ಕಡೆಗೆ ಎಳೆದುಕೊಂಡರೆ ಮಾತ್ರ ಹಿಂದೆ ಬರುತ್ತದೆ. ಆ ಕ್ಷಣದಲ್ಲಿ ಹೆದರಿದರೆ ಪೆಡಲು ಬಂದು ಮೊಣಕಾಲಿನ ಕೆಳಗೆ ಬಡಿಯುತ್ತದೆ. ನಾನು ಬಹಳ ಸಲ ಹೆದರಿದೆ. ಕುಂಟುತ್ತ ಟಿಕೆಟು ಕೊಡುವುದನ್ನು ನೋಡಿ ದಿನಾ ಬರುವ ಒಬ್ಬ ಅಜ್ಜಿ ಬಸ್ಸಿನಲ್ಲಿ ಕೇಳಿದಳು.

"ಕಾಲಿಗೇನಾತೋ ಎಪ್ಪಾ?"

"ಕಟ್ಟಿ ಏರಾಕ ಹ್ವಾದೆ, ಬೇ."

"ಕುಡೀಬ್ಯಾಡಪಾ," ಅಂದಳು ಆಕೆ. ಇಡೀ ಬಸ್ಸು ನಕ್ಕಿತು.

ಫರಸಿಯ ಅಟ್ಟಿ ಕಟ್ಟೆಯ ಎತ್ತರಕ್ಕೆ ಬರುತ್ತಿದ್ದ ಹಾಗೆ ಅಪ್ಪನ ತಮಾಷೆ ಕಡಿಮೆಯಾಗಿ ಶಾಸ್ತ್ರ ಶುರುವಾಯಿತು.

"ಕೆರ ಹಾಕ್ಕೊಂಡು ಕಟ್ಟಿ ಮ್ಯಾಲ ಬರಬಾರದು. ನಿನ್ನ ಕಾಲು ಕಟ್ಟಿಗಿ ತಾಗಿತಂದ್ರ ಪೈಜ ರದ್ದು," ಅಂದ ಒಂದು ದಿನ.

ನನ್ನ ಸೈಕಲ್ಲಿನ ಪೆಡಲಿಗೆ ಮುಳ್ಳಿನಂಥ ಹಲ್ಲುಗಳಿವೆ, ಬೂಟಿಲ್ಲದೆ ಆಗುವುದಿಲ್ಲ. ಕಾಲು ಕೆಳಗೆ ಇಡುವುದೇ ಇಲ್ಲ ಎಂದು ಒಪ್ಪಿದೆ. ಮರುದಿನ ಗಾಲಿಗಳ ಪ್ರಶ್ನೆ ಎದ್ದಿತು. ಗಾಲಿ ಎಂದರೆ ಸೈಕಲ್ಲಿನ ಕಾಲು, ಊರ ಹೊಲಸು ತುಳಿದದ್ದು. ತೊಳೆದರೆ ನಡೆಯುತ್ತದೆಯೇ ಎಂದು ಹೆಂಡತಿ ಕೇಳಿ, ತುಟಿ ಬಿಗಿಹಿಡಿದುಕೊಂಡು, ಮನೆಗೆ ಬಂದ ಬೀಗರ ಕಾಲಿಗೆ ನೀರು ಕೊಡುವ ಹಾಗೆ ಎರಡೂ ಗಾಲಿಗೆ ಚೊಂಬಿನಿಂದ ನೀರು ಹಾಕಿದಳು. ಆಮೇಲೆ ಸೋಮವಾರ ಬೇಡವಾಯಿತು, ಅದು ಬಸವಣ್ಣನ ವಾರ. ಅಮಾವಾಸ್ಯೆ ಬೇಡವಾಯಿತು. ಅಮಾವಾಸ್ಯೆಯ ಹಿಂದಿನ ದಿನವೂ ಬೇಡವಾಯಿತು.

"ಮಾವಾರ, ಹಿಂಗ ಮಾಡಿದ್ರ ಸೈಕಲ್ಲಿಗಿ ಲಿಂಗ ಕಟ್ಟಬೇಕಾಗ್ತದ ನೋಡ್ರಿ," ಅಂದಳು ಹೆಂಡತಿ.

ಅವಳಿಗೆ ನಗು, ನನಗೆ ಸಿಟ್ಟು. ಇಷ್ಟು ಏಟು ತಿಂದು ಕಲಿತರೆ ಈತ ದಿನಕ್ಕೊಂದು ನೆಪ ತೆಗೆಯುತ್ತಾನಲ್ಲ ಎಂದು ಮುಖ ಊದಿಸಿಕೊಂಡು ಓಡಾಡಿದೆ. ಆ ಸಿಟ್ಟು ಇಳಿದದ್ದು ಒಂದು ಸಂಜೆ ಬಸ್ಸು ಬೇಗ ಬಂದಾಗ. ಓಣಿಯ ತಿರುವಿನಿಂದ ನೋಡಿದರೆ ಅಪ್ಪ ಕುರ್ಚಿ ಬಿಟ್ಟು ಪಾವಟಿಗೆಯ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಿಂದ ಕಟ್ಟೆಯ ಕಂಬ ತಬ್ಬಿಕೊಂಡು, ಬಲಗಾಲನ್ನು ಮೆಲ್ಲಗೆ ಪಾವಟಿಗೆಯ ಕಡೆ ಇಳಿಬಿಟ್ಟ. ಬೆರಳು ಕಲ್ಲಿಗೆ ಇನ್ನೇನು ತಾಗಬೇಕು, ಬೆಂಕಿ ಮುಟ್ಟಿದವನಂತೆ ಎಳೆದುಕೊಂಡ. ದೋತರದ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಓಣಿಯಲ್ಲಿ ಯಾರಾದರೂ ನೋಡಿದರೇ ಎಂದು ಆ ಕಡೆ ಈ ಕಡೆ ನೋಡಿದ. ನಾನು ಗೋಡೆಯ ಮರೆಗೆ ಸರಿದೆ. ಹಿಂದಿನ ಗಾಲಿ ಎತ್ತುವಾಗ ನನ್ನಲ್ಲಿ ಏಳುವ ಹೆದರಿಕೆ ಯಾವುದೋ ಅದೇ ಆತನ ಮುಖದಲ್ಲಿತ್ತು.

ಅಂದಿನಿಂದ ನನಗೆ ಬೇರೆಯೇ ಚಿಂತೆ ಹತ್ತಿತು. ನಾನು ಕಟ್ಟೆ ಏರಿಯೂ ಆತ ಇಳಿಯದಿದ್ದರೆ? ಏರುವ ತನಕ ಇಬ್ಬರಿಗೂ ಒಂದು ಆಸೆ ಉಳಿದಿರುತ್ತದೆ. ಏರಿದ ಮೇಲೆ ನೆಪ ಮುಗಿಯುತ್ತದೆ, ಆಗಲೂ ಇಳಿಯದಿದ್ದರೆ ಅಪ್ಪ ಇನ್ನು ಯಾವತ್ತೂ ಇಳಿಯುವುದಿಲ್ಲ. ಕೆಲವು ದಿನ ಮೈ ಸರಿಯಿಲ್ಲ ಎಂದು ಸೈಕಲ್ಲು ಮುಟ್ಟಲಿಲ್ಲ. ಅಪ್ಪನೇ ಬೇಸರಪಟ್ಟುಕೊಂಡ.

"ಯಾಕಲೇ, ಇವತ್ತ ಬೀಳೂದಿಲ್ಲೇನು?"

ಆ ಮಾತಿಗೆ ರೋಷ ಬಂತು. ಅದು ಸೋಮವಾರವಲ್ಲ, ಅಮಾವಾಸ್ಯೆಯೂ ಅಲ್ಲ. ಹೆಂಡತಿ ಕೇಳದೆಯೇ ಚೊಂಬು ತಂದು ಗಾಲಿ ತೊಳೆದಳು. ನಾನು ಕಟ್ಟೆಗೆ ಎದುರಾಗಿ ನಿಂತು, ಉಸಿರು ಹಿಡಿದು, ಅರ್ಧ ಪೆಡಲ್ ತುಳಿದೆ. ಮುಂದಿನ ಗಾಲಿ ಅಂಚಿಗೆ ಕೂತಿತು. ಹೆದರಿಕೆ ಬರುವ ಮೊದಲೇ ಮೈಯನ್ನು ಮುಂದಕ್ಕೆ ಎಸೆದೆ. ಹಿಂದಿನ ಗಾಲಿ ಬಂತು.

ಕಟ್ಟೆಯ ಮೇಲೆ, ಅಪ್ಪನ ಕುರ್ಚಿಯ ಪಕ್ಕದಲ್ಲಿ, ಸೈಕಲ್ಲಿನ ಮೇಲೆ ನಿಂತಿದ್ದೆ! ಎದುರುಮನೆಯವರು ಚಪ್ಪಾಳೆ ತಟ್ಟಿದರು. ಅಪ್ಪ ಬಾಯಿ ತೆರೆದು ನೋಡುತ್ತಿದ್ದ. ಪುಟುಪುಟು ಕುಪ್ಪಳಿಸಿ ಓಣಿಯ ಕಡೆ ತಿರುಗಿದೆ. ತಿರುಗಿದ ಮೇಲೆ ನೆನಪಾಯಿತು: ಇಳಿಯುವುದನ್ನು ನಾನು ಕಲಿತೇ ಇರಲಿಲ್ಲ. ಫರಸಿಯ ಅಟ್ಟಿಯ ಮೇಲಿಂದ ದಿನಾ ಕಾಲು ಚಾಚಿ ನೆಲಕ್ಕೆ ಇಳಿದುಬಿಡುತ್ತಿದ್ದೆ. ಇಲ್ಲಿ ಕಾಲು ಚಾಚಿದರೆ ಸಿಗುವುದು ಕಟ್ಟೆ. ಮುಂದಿನ ಗಾಲಿ ಅಂಚಿನಲ್ಲಿ, ಎರಡೂ ಬ್ರೇಕಿನ ಮೇಲೆ ಬೆರಳು. ಗತಿಯಿಲ್ಲದೆ ಒಂದು ಕಾಲು ಪೆಡಲಿನಿಂದ ಎತ್ತಿದೆ.

"ಕೆರದ ಕಾಲು ಇಡಬ್ಯಾಡಲೇ!" ಅಪ್ಪ ರೂಢಿಯಂತೆ ಕೂಗಿದ.

ಕಾಲು ಮತ್ತೆ ಪೆಡಲಿಗೆ ಹೋಯಿತು. ಮುಂದಿನ ಗಾಲಿ ಅಂಚಿನಿಂದ ಒಂದು ಬೆರಳು ಮುಂದಕ್ಕೆ ಸರಿಯಿತು. ಓಣಿ ಬಹಳ ಕೆಳಗಿದೆ ಅನ್ನಿಸಿತು.

"ಯಪ್ಪಾ, ಬೀಳ್ತೇನಿ," ಅಂದೆ. ಆ ದನಿಯಲ್ಲಿ ತಮಾಷೆ ಇರಲಿಲ್ಲ.

"ತಡಿ. ಬ್ರೇಕ್ ಬಿಡಬ್ಯಾಡ. ತಡಿ, ಹಿಡೀತೇನಿ."

ಸಣ್ಣವನಿದ್ದಾಗ ಹೊಳೆಯ ದಾರಿಯಲ್ಲಿ ನನಗೆ ಸೈಕಲ್ಲು ಕಲಿಸಿದವನು ಅಪ್ಪನೇ. ಎಲ್ಲರ ಅಪ್ಪಂದಿರು ಹಿಂದಿನಿಂದ ಹಿಡಿದರೆ ನಮ್ಮಪ್ಪ ಮುಂದಿನಿಂದ ಹ್ಯಾಂಡಲ್ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದ. ಮುಖ ನೋಡಿದರೆ ಬೀಳುವುದು ಮೊದಲೇ ಗೊತ್ತಾಗುತ್ತದೆ ಎಂಬುದು ಆತನ ವಾದ. ಈಗ ಮುಂದಿನಿಂದ ಹಿಡಿಯಬೇಕೆಂದರೆ ಓಣಿಯಲ್ಲಿ ನಿಲ್ಲಬೇಕು.

ಕೋಲು ಕಟ್ಟೆಯ ಮೇಲೆ ಬಿದ್ದ ಸದ್ದು ಕೇಳಿತು. ಕಂಬಕ್ಕೆ ಒಂದು ಕೈ, ಪಾವಟಿಗೆಗೆ ಒಂದು ಕಾಲು, ನೆಲಕ್ಕೆ ಇನ್ನೊಂದು. ಅಪ್ಪ ನನ್ನ ಮುಂದೆ ನಿಂತಿದ್ದ. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ.

"ಈಗ ಬಿಡು ಬ್ರೇಕ್. ಸಾವಕಾಶ. ನಾ ಹಿಡದೀನಿ."

ಬಿಟ್ಟೆ. ಗಾಲಿ ಓಣಿಗೆ ಇಳಿಯಿತು, ಹಿಂದೆಯೇ ನಾನೂ ಇಳಿದೆ. ಹೆಂಡತಿ ಚೊಂಬು ಹಿಡಿದುಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಪ್ಪ ಮೊದಲು ಅವಳನ್ನು ನೋಡಿದ, ಆಮೇಲೆ ಕಟ್ಟೆಯನ್ನು, ಕೊನೆಗೆ ತನ್ನ ಬರಿಗಾಲುಗಳನ್ನು.

"ನೀ ಪೈಜ ಗೆದ್ದಿ ಅಂತ ತಿಳೀಬ್ಯಾಡ," ಅಂದ. "ನಾ ಪೈಜಕ್ಕ ಇಳದಿಲ್ಲ."

"ಹೌದಪ್ಪಾ."

ಹೆಂಡತಿ ಕೋಲು ತಂದುಕೊಟ್ಟಳು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, ತಾನು ಸೈಕಲ್ಲಿನ ಹ್ಯಾಂಡಲನ್ನೇ ಊರಿಕೊಂಡು ಹೊಳೆಯ ಕಡೆ ಹೊರಟ. ನಾನು ಪಕ್ಕದಲ್ಲಿ ನಡೆದೆ. ಗಿರಣಿಯ ತನಕ ಹೋಗುವಷ್ಟರಲ್ಲಿ ಆತನಿಗೆ ದಣಿವಾಯಿತು. ನಿಂತು, ಹಿಂದೆ ತಿರುಗಿ, ಸೈಕಲ್ಲಿನ ನಡುಭಾಗವನ್ನು ಕೈಯಿಂದ ಸವರಿ ನೋಡಿದ.

"ಅವತ್ತೇ ಹೇಳಿದ್ದೆ," ಅಂದ, "ಸೀಟು ಇಸಗೊಂಡು ಬಾ ಅಂತ."