ಬಯೋಡಾಟಾದಲ್ಲಿ ಬಾಜು ಮನೆಯ ನಂಬರು

೧೯೯೭ನೇ ಇಸವಿ. ಬೈಲಹೊಂಗಲದಲ್ಲಿ ನನ್ನ ಯಜಮಾನರು ಸ್ಟೋರ್ ನೋಡಿಕೊಳ್ಳುತ್ತಿದ್ದ ಹತ್ತಿ ಮಿಲ್ಲು ಬಾಗಿಲು ಹಾಕಿತು. ಎಂಟು ತಿಂಗಳು ಮನೆಯಲ್ಲೇ ಕುಳಿತರು. ಯಾರಾದರೂ ಕೇಳುತ್ತಾರೆಂದು ದಾಡಿ ಮಾಡಿಸಲಿಕ್ಕೂ ಹೊರಗೆ ಹೋಗುತ್ತಿರಲಿಲ್ಲ. ಆದರೂ ಮಗಳಿಗೆ ಎರಡು ಹೊತ್ತು ರೊಟ್ಟಿ ತಪ್ಪಲಿಲ್ಲ, ಅದು ಶಿವನ ದಯೆ.

ಒಂದು ಸಕ್ಕರೆ ಕಾರ್ಖಾನೆಗೆ ಸ್ಟೋರ್ ಕ್ಲಾರ್ಕ್ ಬೇಕಾಗಿದ್ದಾರೆಂದು ತಿಳಿಯಿತು. ಬಯೋಡಾಟಾ ಟೈಪ್ ಮಾಡಿಸಲು ನಾನೇ ಹೋದೆ. ಓದು, ಅನುಭವ ಎಲ್ಲ ಸರಿಯಾಗಿ ಬರೆಸಿದೆ. ನಮ್ಮಲ್ಲಿ ಫೋನ್ ಇರಲಿಲ್ಲ. ಬಾಜು ಮನೆ ಗಂಗಕ್ಕನ ನಂಬರು ಕೊಟ್ಟು, ಆಗ ಎಲ್ಲರೂ ಮಾಡುತ್ತಿದ್ದಂತೆ ಮುಂದೆ ಪಿ.ಪಿ., ಅಂದರೆ ಬೇರೆಯವರ ಮನೆಯಿಂದ ಕರೆದು ಕೊಡುವ ಫೋನ್, ಎಂದು ಹಾಕಿಸಿದೆ. ಟೈಪಿಂಗ್ ಮಾಸ್ತರು, ‘ಆ ಮನಿಯವ್ರಿಗೆ ಒಂದ ಮಾತ ಹೇಳಿಡು ತಂಗಿ. ಫೋನ್ ಅವರ್ದು, ನೌಕರಿ ನಿಮ್ದು’ ಎಂದು ನಕ್ಕರು. ಹೇಳಿದರಾಯಿತು ಅಂದುಕೊಂಡೆ.

ಹೇಳಲಿಲ್ಲ. ಮೂರನೇ ದಿನ ನಳದ ಹತ್ತಿರ ಜಗಳವಾಯಿತು. ಗಂಗಕ್ಕ ನನ್ನ ಪಾಳಿಯಲ್ಲಿ ಒಂದು ಕೊಡ ಹೆಚ್ಚಿಗೆ ಹಿಡಿದಿದ್ದಳು, ಅಷ್ಟೇ. ‘ಗಂಡ ಇಲ್ಲ, ಮಕ್ಕಳಿಲ್ಲ. ಯಾರೂ ಇಲ್ಲದ ಮನಿಗೆ ಇಷ್ಟ ನೀರ ಯಾಕ?’ ಎಂದುಬಿಟ್ಟೆ. ಅವಳು ಹಿಡಿದ ಕೊಡವನ್ನು ಅಲ್ಲೇ ಚೆಲ್ಲಿ ಒಳಗೆ ಹೋದಳು.

ಬಯೋಡಾಟಾ ಅಷ್ಟರಲ್ಲಿ ಟಪಾಲಿಗೆ ಬಿದ್ದಿತ್ತು. ಹೋಗಿ ತಪ್ಪಾಯಿತು ಅನ್ನಬೇಕು, ಇಲ್ಲವೇ ಬೇರೆ ನಂಬರು ಬರೆದು ಕಾರ್ಖಾನೆಗೆ ಇನ್ನೊಂದು ಕಾಗದ ಹಾಕಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಯಜಮಾನರಿಗೆ ನೌಕರಿ ಕೊಡು ಎಂದು ದಿನಾ ದೇವರ ಮುಂದೆ ಕೈ ಮಾತ್ರ ಮುಗಿದೆ.

ಎರಡು ತಿಂಗಳ ಮೇಲೆ ಯಜಮಾನರಿಗೆ ಬಸ್ ಸ್ಟ್ಯಾಂಡಿನಲ್ಲಿ ಆ ಕಾರ್ಖಾನೆಯ ಆಫೀಸಿನವರೊಬ್ಬರು ಸಿಕ್ಕರಂತೆ. ಮನೆಗೆ ಬಂದು ಚಪ್ಪಲಿ ಬಿಡದೇ ಕಟ್ಟೆಯ ಮೇಲೆ ಕುಳಿತರು. ‘ಮರುದಿನಾನ ಬರ್ಬೇಕಂತ ಫೋನ್ ಮಾಡಿದ್ರಂತ. ಅಂಥವ್ರು ಇಲ್ಲಿ ಯಾರೂ ಇಲ್ಲ ಅಂದ್ರಂತ. ಟೈಪ್ ಮಾಡೂಮುಂದ ನಂಬರ ತಪ್ಪಿರಬೇಕ್ ಬಿಡು’ ಎಂದರು. ನಾನು ಒಳಗಿನಿಂದ ನೀರು ತಂದು ಕೊಟ್ಟೆ.

ಮರುದಿನ ಗಂಗಕ್ಕನ ಮನೆಗೆ ಹೋದೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೇಳಿದ್ದಕ್ಕೆ ತಲೆ ಎತ್ತಲಿಲ್ಲ. ‘ಹೌದು, ಬಂದಿತ್ತು. ನನ್ನ ಮನ್ಯಾಗ ಯಾರೂ ಇಲ್ಲಂತ ನೀನ ಅಂದಿದ್ದೆಲ್ಲ? ಅದನ್ನ ಹೇಳೇನಿ’ ಎಂದಳು. ಹಾಗೇ ಎದ್ದು ಬಂದೆ.

ಮುಂದೆ ಯಜಮಾನರಿಗೆ ರಾಮದುರ್ಗದಲ್ಲಿ ಬಟ್ಟೆ ಅಂಗಡಿಯ ಕೆಲಸ ಸಿಕ್ಕಿತು, ನಾವೂ ಅಲ್ಲಿಗೇ ಬಂದೆವು. ದಿನವೆಲ್ಲ ನಿಂತು ನಿಂತು ಅವರ ಕಾಲು ಬಾತವು. ಉಪವಾಸ ಮಾತ್ರ ಬೀಳಲಿಲ್ಲ, ದೇವರು ನಡೆಸಿದ. ಕೆಲವು ವರ್ಷಗಳಲ್ಲಿ ಗಂಗಕ್ಕ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಹೇಳಬೇಕಾದ ಮಾತು ಅಲ್ಲಿಯೂ ಬಾಯಿಗೆ ಬರಲಿಲ್ಲ.

ಮೊನ್ನೆ ಮಗಳು ಬಯೋಡಾಟಾ ಬರೆಯುತ್ತಿದ್ದಳು. ‘ನಂಬರ ನೋಡ್ಕೋವಾ, ನಂದು ಟೈಪಿನ್ಯಾಗ ತಪ್ಪಿತ್ತು’ ಎಂದು ಯಜಮಾನರು ಹೇಳಿದರು. ಈಗಲೂ ಹಾಗೆಂದೇ ನಂಬಿದ್ದಾರೆ.

ನಂಬರು ಸರಿಯಾಗೇ ಇತ್ತು. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಅವರು ಮೊದಲು ಓದುವುದು ಈ ಪುಟವನ್ನೇ.