ಜಾತಕದ ಸಿ.ಡಿ.

ನಾನು ಕೀಲಿಮಣೆಯ ಮೇಲೆ ಕೈಯಿಟ್ಟರೆ ಸಾಕು, ಯಜಮಾನರು ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಮಾತಿಲ್ಲ. ಎಲೆಯಡಿಕೆಯ ಕವಳ ಅಗಿಯುವ ಸಪ್ಪಳ ಮಾತ್ರ. ಹಾಗೆ ಯಾರಾದರೂ ಬೆನ್ನಿಗೆ ನಿಂತರೆ ನನಗೆ ಬರುವ ಅಕ್ಷರವೂ ತಪ್ಪುತ್ತದೆ. ತಪ್ಪಿದ್ದನ್ನು ಅಳಿಸಿದರೆ ಅವರಿಗೆ ಅನುಮಾನ, ಅಳಿಸದೆ ಬಿಟ್ಟರೆ ಅಡಿಕೆಯ ದರವೇ ತಪ್ಪು. ಆ ಮಳೆಗಾಲವೆಲ್ಲ ನಾನು ಹಲ್ಲು ಕಚ್ಚಿಕೊಂಡೇ ಟೈಪ್ ಮಾಡಿದ್ದೇನೆ.

ಶಿರಸಿಯ ಒಂದು ವಖಾರಿಯಲ್ಲಿ, ಅಂದರೆ ಅಡಿಕೆ ಕೊಂಡು ಮಾರುವ ಮಂಡಿಯಲ್ಲಿ, ನನಗೆ ಕೆಲಸ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಭೈರುಂಬೆ ಕಡೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಾಗಿಲ ಬಳಿ ಕೊಡೆ ಕೊಡವಿ ಇಟ್ಟು, ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದರೆ ನನ್ನ ದಿನ ಶುರು. ಒಟ್ಟು ಮೂರು ಕಂಪ್ಯೂಟರುಗಳಿದ್ದವು. ಒಂದು ನನ್ನದು, ಒಂದು ಯಜಮಾನರದು, ಮತ್ತೊಂದು ಹಿಂದಿನ ಗೋದಾಮಿನಲ್ಲಿ ತೂಕ ಬರೆಯಲು. ಮೂರನ್ನೂ ನೀಲಿ ವೈರಿನಿಂದ ಒಂದಕ್ಕೊಂದು ಜೋಡಿಸಿದ್ದರು. ಯಜಮಾನರಿಗೆ ಅದರ ಬಗ್ಗೆ ಎಷ್ಟು ಹೆಮ್ಮೆಯೆಂದರೆ, ಒಣಗಿಸಿ ಸುಲಿದ ಚಾಲಿ ಅಡಿಕೆ ಮಾರಲು ಬಂದ ರೈತರನ್ನೂ ಕರೆದು ವೈರು ತೋರಿಸುತ್ತಿದ್ದರು. ಮೂರಕ್ಕೂ ಒಂದೇ ಪಾಸ್‌ವರ್ಡ್. ಅದು ಅವರ ಮನೆದೇವರ ಹೆಸರು. ಅವರ ಮನೆದೇವರು ಯಾರೆಂದು ಪೇಟೆಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ!

ಅಡಿಕೆ ವ್ಯಾಪಾರ ನಡೆಯುವ ರೀತಿಯನ್ನು ಸ್ವಲ್ಪ ಹೇಳಬೇಕು. ಟೆಂಡರಿನ ದಿನ ಮಾರುಕಟ್ಟೆಯ ಯಾರ್ಡಿನಲ್ಲಿ ರೈತರ ಅಡಿಕೆಯನ್ನು ಲಾಟುಗಳಾಗಿ ಸುರಿದಿರುತ್ತಾರೆ. ವ್ಯಾಪಾರಿಗಳು ಬೆಳಿಗ್ಗೆ ಹೋಗಿ, ಮುಷ್ಟಿಯಲ್ಲಿ ಹಿಡಿದು, ಒಂದೆರಡು ಅಡಿಕೆ ಕತ್ತರಿಸಿ ನೋಡಿ ಬರುತ್ತಾರೆ. ಆಮೇಲೆ ಪ್ರತಿ ಲಾಟಿಗೂ ತಮ್ಮ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು. ಒಬ್ಬರ ದರ ಇನ್ನೊಬ್ಬರಿಗೆ ತಿಳಿಯಬಾರದು. ಪೆಟ್ಟಿಗೆ ಒಡೆದಾಗ ಯಾರದು ಹೆಚ್ಚೋ ಲಾಟು ಅವರದು. ನಮ್ಮ ಯಜಮಾನರು ಯಾರ್ಡಿನಿಂದ ಬಂದವರೇ ದರಗಳನ್ನು ನನಗೆ ಮೆಲ್ಲಗೆ ಹೇಳುತ್ತಿದ್ದರು. ನಾನು ಅದನ್ನು ಟೈಪ್ ಮಾಡಿ ನಾಗಪುರದ ಖರೀದಿದಾರರಿಗೆ ಮೇಲ್ ಕಳಿಸಬೇಕು. ಅವರು ಫೋನಿನಲ್ಲಿ ಹೂಂ ಎಂದ ಮೇಲೆ ಚೀಟಿ ಪೆಟ್ಟಿಗೆಗೆ.

ಆ ವರ್ಷ ನಾವು ಒಳ್ಳೆಯ ಲಾಟುಗಳನ್ನೆಲ್ಲ ಕಳೆದುಕೊಳ್ಳತೊಡಗಿದೆವು. ಸೋಲುವುದು ಹೊಸದಲ್ಲ. ಆದರೆ ಪ್ರತಿ ಸಲವೂ ನಮಗಿಂತ ಒಂದೇ ರೂಪಾಯಿ ಹೆಚ್ಚು, ಅದೂ ಪ್ರತಿ ಸಲವೂ ಎದುರು ವಖಾರಿಯವರದೇ. ಮೊದಲು ಯಜಮಾನರು ಗ್ರಹಚಾರ ಎಂದರು. ಆಮೇಲೆ ಕೈ ಒಳ್ಳೆಯದಲ್ಲ ಎಂದು, ಅಂಟಿಸಿದ ಚೀಟಿ ಒಯ್ದು ಪೆಟ್ಟಿಗೆಗೆ ಹಾಕುವವರನ್ನು ಬದಲಿಸಿದರು. ಆಮೇಲೆ ಒಂದು ಬೆಳಿಗ್ಗೆ ನನ್ನ ಮೇಜಿನ ಎದುರು ಬಂದು ನಿಂತರು.

“ತಂಗಿ, ಈ ದರ ನಿಂಗೂ ನಂಗೂ ಬಿಟ್ರೆ ಮತ್ಯಾರಿಗೆ ಗೊತ್ತಿದ್ದು?”

“ನಾಗಪುರದವ್ಕೆ ಗೊತ್ತಿದ್ದಲಿ.”

“ನಾಗಪುರದಿಂದ ಎದುರು ವಖಾರಿಗೆ ಬಪ್ಪಲೆ ದಾರಿ ಎಲ್ಲಿದ್ದು?”

“ಆನು ಯಾರ ಹತ್ರನೂ ಹೇಳಿದ್ನಿಲ್ಲೆ.”

“ಹೇಳಿದ್ದೆ ಹೇಳಿ ಯಾರು ಅಂದ ಈಗ?” ಎಂದು ಹೊರಟುಹೋದರು. ಬೈದಿದ್ದರೆ ತಿರುಗಿ ಒಂದು ಮಾತು ಹೇಳಬಹುದಿತ್ತು. ಅವರು ಬೈಯಲಿಲ್ಲ. ಬದಲಿಗೆ ಚಹದಂಗಡಿಯ ಬೆಂಚಿನ ಮೇಲೆ, ನಾಲ್ಕು ವ್ಯಾಪಾರಿಗಳ ನಡುವೆ, “ನಮ್ಮ ವಖಾರಿಲಿ ಬಾಯಿ ನಿಲ್ಲದ್ದವು ಇದ್ದ” ಎಂದರಂತೆ. ವಖಾರಿಯಲ್ಲಿ ದರ ಗೊತ್ತಿದ್ದವಳು ನಾನೊಬ್ಬಳೇ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು, “ಎಂತದೇ, ನಿಂಗಳಲ್ಲಿ ಎಂತೋ ಗಲಾಟೆಯಡ?” ಎಂದು ಕೇಳಿದಾಗ ಮಾತು ನನಗಿಂತ ಮೊದಲೇ ಬಸ್ಸು ಹತ್ತಿದೆ ಎಂದು ತಿಳಿಯಿತು.

ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೆ ಅದು ಬರೀ ಸಿಟ್ಟಲ್ಲ, ಹೆದರಿಕೆ. ಪೇಟೆ ಸಣ್ಣದು. ದರ ಮಾರಿಕೊಂಡವಳು ಎಂದು ಒಮ್ಮೆ ಹೆಸರು ಬಿದ್ದರೆ ಶಿರಸಿಯಲ್ಲಿ ಬಿಡಿ, ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಯಾವ ವಖಾರಿಯ ಮೆಟ್ಟಿಲನ್ನೂ ಹತ್ತುವ ಹಾಗಿಲ್ಲ. ಅಂಗಡಿ, ಸೊಸೈಟಿ, ಬ್ಯಾಂಕು ಎಲ್ಲ ಕಡೆ ಒಬ್ಬರಿಗೊಬ್ಬರು ನೆಂಟರೇ. ನಾನು ಕಲಿತದ್ದು ಇದೊಂದೇ ಕೆಲಸ, ನನ್ನ ಹತ್ತಿರ ಇದ್ದದ್ದು ನಂಬಿಕೆ ಎಂಬ ಬಂಡವಾಳ ಮಾತ್ರ.

ಯಜಮಾನರು ಬೆನ್ನ ಹಿಂದೆ ನಿಲ್ಲಲು ಶುರುಮಾಡಿದ್ದು ಆಗ.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ನಾನು ರಾಜೀನಾಮೆ ಬರೆದೆ. ಇಂಗ್ಲಿಷಿನಲ್ಲಿ, ಕಂಪ್ಯೂಟರ್ ಕೋರ್ಸಿನಲ್ಲಿ ಕಲಿಸಿದ ಮಾದರಿಯಲ್ಲೇ ಶುರುಮಾಡಿದೆ. ಎರಡನೇ ಸಾಲಿಗೆ ಮಾದರಿ ಮರೆತುಹೋಗಿ, ಕಳ್ಳಿಯನ್ನು ನೋಡಿದ ಹಾಗೆ ನನ್ನನ್ನು ನೋಡುವ ಕಡೆ ಇರಲಾರೆ ಎಂದೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ. ಬರೆದು ಮುಗಿಯುವಾಗ ಕಣ್ಣು ಮಂಜಾಗಿತ್ತು. ಆಮೇಲೆ ಯೋಚನೆ ಬಂತು. ಈಗ ಬಿಟ್ಟರೆ ತಪ್ಪು ಒಪ್ಪಿಕೊಂಡ ಹಾಗಲ್ಲವೇ? ಒಂದೊಂದೇ ಅಕ್ಷರ ಅಳಿಸಿದೆ. ಉಳಿಸಲಿಲ್ಲ, ಪ್ರಿಂಟ್ ತೆಗೆಯಲಿಲ್ಲ. ಮನೆಯಲ್ಲಿ ಅಮ್ಮನಿಗೂ ಹೇಳಲಿಲ್ಲ.

ಅದಾಗಿ ಎರಡು ದಿನಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಎದುರು ವಖಾರಿಯವರು ಸಿಕ್ಕರು. ಬೆಳ್ಳಗಿನ ಅಂಗಿ, ಹಣೆಗೆ ಗಂಧ, ನಗುಮುಖ. ವ್ಯಾಪಾರದ ಜೊತೆ ಜಾತಕ ನೋಡುವ ಹವ್ಯಾಸವೂ ಇದ್ದ ಮನುಷ್ಯ, ಹಾಗಾಗಿ ಊರಿನ ಎಲ್ಲ ಮನೆಯ ಜಗಲಿಯಲ್ಲೂ ಅವರಿಗೆ ಮಣೆ.

“ಅಲ್ಲಿ ಕೆಲಸ ಬಿಡ್ತಾ ಇದ್ಯಡ ತಂಗಿ? ಪಾಪ, ಕಳ್ಳಿ ಹೇಳಿ ನೋಡಿದ್ರೆ ಯಾರಿಗಾದ್ರೂ ಬೇಜಾರಾಗ್ತು. ನಮ್ಮಲ್ಲಿಗೆ ಬಾ. ಕುರ್ಚಿ ಖಾಲಿ ಇದ್ದು.”

ಆ ಕ್ಷಣಕ್ಕೆ ನನಗೆ ಅವಮಾನವಾದದ್ದಷ್ಟೇ ಗೊತ್ತು. ಏನೋ ತೊದಲಿ ಬಸ್ಸು ಹತ್ತಿದೆ. ಬಸ್ಸು ಪೇಟೆ ದಾಟಿ ತಿರುವು ತೆಗೆದುಕೊಳ್ಳುವಾಗ ಹೊಳೆಯಿತು. ಬಿಡುವ ವಿಷಯ ಯಾರಿಗೂ ಹೇಳಿರಲಿಲ್ಲ. ಕಳ್ಳಿ ಎಂಬ ಮಾತನ್ನು ನಾನು ಬಾಯಿಬಿಟ್ಟು ಆಡಿಯೇ ಇರಲಿಲ್ಲ. ಬರೆದಿದ್ದೆ, ಅಳಿಸಿದ್ದೆ. ನನ್ನ ಬೆರಳಿಗೂ ಆ ಪರದೆಗೂ ಬಿಟ್ಟರೆ ಆ ಮಾತು ಗೊತ್ತಿದ್ದದ್ದು ಯಾರಿಗೆ?

ಬೆಳಗಾಗುವುದನ್ನೇ ಕಾದು, ಮೊದಲ ಬಸ್ಸಿಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. ನಾನು ಎಂಥ ಮಳ್ಳಿ! ಅವರು ಕೇಳಿಸಿಕೊಂಡದ್ದು ಒಂದೇ ಮಾತು.

“ಅವ ನಿನ್ನ ಹತ್ರ ಬಸ್‌ಸ್ಟ್ಯಾಂಡಲ್ಲಿ ಮಾತಾಡ್ದ?”

“ಹೌದು, ಆದ್ರೆ ಎಂತಕ್ಕೆ ಹೇಳಿ…”

“ಕೆಲಸಕ್ಕೆ ಬಾ ಹೇಳಿ ಕರೆದ?”

ಅವರ ಮುಖದ ಬಣ್ಣ ಬದಲಾಯಿತು. ಅನುಮಾನ ಇದ್ದದ್ದು ಈಗ ಖಾತ್ರಿಯಾಯಿತು ಎನ್ನುವ ಮುಖ. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡಿದ್ದೆ. ಮೈಯೆಲ್ಲ ಉರಿಯಿತು. “ನಿಂಗ ಎಂತ ಬೇಕಾದ್ರೂ ತಿಳ್ಕಳಿ. ಕಂಪ್ಯೂಟರಿನವ್ನ ಕರ್ಸಿ ಒಂದ್ಸಲ ನೋಡ್ಸಿ. ಎಂತೂ ಇಲ್ದಿದ್ರೆ ಆನೇ ಮೆಟ್ಲು ಇಳಿದು ಹೋಗ್ತೆ” ಎಂದು ಗಟ್ಟಿಯಾಗಿಯೇ ಹೇಳಿದೆ. ಕವಳದ ಬಟ್ಟಲಿನ ಮುಂದೆ ಕೂತಿದ್ದ ರೈತರಿಬ್ಬರು ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ನಮ್ಮ ಕಂಪ್ಯೂಟರ್ ರಿಪೇರಿಯವರು ಹಾವೇರಿ ಕಡೆಯವರು, ಪೇಟೆಯಲ್ಲೇ ಬಾಡಿಗೆ ಕೋಣೆ ಹಿಡಿದು ಅಂಗಡಿ ಇಟ್ಟಿದ್ದರು. ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಒಂದು ಕಡೆ, ಯಜಮಾನರು ಇನ್ನೊಂದು ಕಡೆ. ಮೊದಲು ವೈರಸ್ ಹುಡುಕುವ ತಂತ್ರಾಂಶ ಓಡಿಸಿದರು. ಏನೂ ಸಿಗಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡರು.

“ಇದು ವೈರಸ್ ಅಲ್ರಿ ಅಕ್ಕಾರ, ಇದಕ್ಕ ಬ್ಯಾರೆನ ಬೇಕು” ಎಂದು ಅವರು ಕಿಸೆಯಿಂದ ಇನ್ನೊಂದು ಡಿಸ್ಕ್ ತೆಗೆದರು. ಆ ಹಸಿರು ಪಟ್ಟಿ ಪರದೆಯ ಮೇಲೆ ಎಷ್ಟು ನಿಧಾನ ತೆವಳಿತೆಂದರೆ, ಚಹ ಬಂದು, ಆರಿ, ಕೆನೆ ಕಟ್ಟಿತು. ಕೊನೆಗೆ ಒಂದು ಸಾಲು ಕೆಂಪಾಯಿತು.

“ಸಿಕ್ತ ನೋಡ್ರಿ. ಬೇಹುಗಾರ ಪ್ರೋಗ್ರಾಮ್. ನೀವು ಕೀ ಹೊಡದದ್ದೆಲ್ಲಾ ಒಳಗ ಬರಕೊಂತೈತಿ. ಅಳಿಸಿದ್ದನ್ನೂ ಬಿಡಂಗಿಲ್ಲ. ತಾಸು ತಾಸಿಗೂ ಯಾರಿಗೋ ಮೇಲ್ ಮಾಡತೈತ್ರಿ.”

ಅಡಗಿಸಿಟ್ಟ ಒಂದು ಕಡತ ತೆರೆದು ತೋರಿಸಿದರು. ಅದರಲ್ಲಿ ಲಾಟುಗಳ ದರವಿತ್ತು, ನಾಗಪುರದ ಮೇಲ್ ಇತ್ತು, ಮನೆದೇವರ ಹೆಸರಿತ್ತು. ಕೆಳಗೆ ನನ್ನ ರಾಜೀನಾಮೆ, ಅಳಿಸಿದ ಗುರುತುಗಳ ಸಮೇತ. ಯಜಮಾನರು ಕನ್ನಡಕ ಏರಿಸಿ ಅದನ್ನು ಓದಿದರು. ಓದಿ ಮುಗಿದ ಮೇಲೂ ಪರದೆಯಿಂದ ಮುಖ ತೆಗೆಯಲಿಲ್ಲ.

“ಇದು ಬಂದದ್ದು ಸಿ.ಡಿ. ಮ್ಯಾಲಿಂದ್ರಿ. ಜಾತಕದ್ದೊಂದು ಪ್ರೋಗ್ರಾಮ್ ಐತಲ್ಲ, ಅದರ ಕೂಡನ ಅದ ದಿನ ಕುಂತೈತಿ. ಯಾರ ಹಾಕಿದ್ರಿ?”

ನಮ್ಮಿಬ್ಬರಿಗೂ ಗೊತ್ತಿತ್ತು. ಯಜಮಾನರ ಮಗಳಿಗೆ ಗಂಡು ನೋಡುತ್ತಿದ್ದ ಸಮಯ ಅದು. ಎದುರು ವಖಾರಿಯವರು ಸಿ.ಡಿ. ಹಿಡಿದು ಬಂದು, ನಿಮ್ಮ ಕಂಪ್ಯೂಟರಿನಲ್ಲೇ ಹೊಂದಾಣಿಕೆ ನೋಡಿ ಪ್ರಿಂಟ್ ತೆಗೆದು ಕೊಡುತ್ತೇನೆ ಎಂದಿದ್ದರು. ಟೆಂಡರಿನ ಅಂಗಳದಲ್ಲಿ ಎಷ್ಟೇ ಪೈಪೋಟಿ ಇದ್ದರೂ ವಖಾರಿಯ ಮೆಟ್ಟಿಲು ಹತ್ತಿದವರಿಗೆ ಕವಳ ಕೊಟ್ಟು ಕೂರಿಸುವುದು ಇಲ್ಲಿಯ ಪದ್ಧತಿ. ನಮ್ಮ ಯಜಮಾನರು ಕಂಪ್ಯೂಟರಿನ ಕುರ್ಚಿಯನ್ನೂ ಅದಕ್ಕೇ ಸೇರಿಸಿಕೊಂಡಿದ್ದರು. “ತಂಗಿ, ಎದ್ದು ಅವ್ಕೆ ಜಾಗ ಕೊಡು” ಎಂದು ನನ್ನನ್ನು ಎಬ್ಬಿಸಿದ್ದರು. ಪರದೆಯ ಮೇಲೆ ಏನೋ ಅನುಮತಿ ಕೇಳಿದಾಗ ಪಾಸ್‌ವರ್ಡನ್ನು ಕೂಗಿ ಹೇಳಿದ್ದೂ ಅವರೇ.

ರಿಪೇರಿಯವರು ಅದನ್ನು ತೆಗೆದುಹಾಕಲು ಹೊರಟಾಗ ನಾನೇ ತಡೆದೆ. ನಾಳೆ ಟೆಂಡರ್ ಇತ್ತು. ಅದು ಅಲ್ಲೇ ಇರಲಿ, ನಾವು ಬೇರೆ ದರ ಟೈಪ್ ಮಾಡೋಣ ಎಂದೆ. ಯಜಮಾನರು ನನ್ನನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ನೇರ ಮುಖಕ್ಕೆ ನೋಡಿದ್ದು ಅದು.

ಮರುದಿನ ಯಾರ್ಡಿನಲ್ಲಿ ಒಂದು ಚಾಲಿ ಲಾಟು ಇತ್ತು. ಮೇಲೆ ಬೆಳ್ಳಗೆ ಚೆಂದ, ಕೈ ಆಳಕ್ಕೆ ಹಾಕಿದರೆ ತಣ್ಣಗೆ ಹಸಿ. ಅದಕ್ಕೆ ಯಾರೂ ಕೊಡದಷ್ಟು ಹೆಚ್ಚಿನ ದರವನ್ನು, ಒಳ್ಳೆಯ ಲಾಟುಗಳಿಗೆಲ್ಲ ಕಡಿಮೆ ದರವನ್ನು ನಾನು ಟೈಪ್ ಮಾಡಿದೆ. ನಾಗಪುರಕ್ಕೆ ನಿಜವಾದ ದರಗಳನ್ನು ಯಜಮಾನರು ಎಸ್.ಟಿ.ಡಿ. ಬೂತಿನಿಂದ ಫೋನಿನಲ್ಲಿ ಹೇಳಿದರು, ಚೀಟಿಗಳನ್ನು ಕೈಯಲ್ಲೇ ಬರೆದರು. ಹಸಿ ಲಾಟಿಗೆ ಚೀಟಿಯನ್ನೇ ಹಾಕಲಿಲ್ಲ. ನಾನೂ ಯಾರ್ಡಿಗೆ ಹೋಗಿ ಕಂಬಕ್ಕೆ ಒರಗಿ ನಿಂತೆ. ಎದುರು ವಖಾರಿಯವರು ಬಲೆಗೆ ಬೀಳದಿದ್ದರೆ ಕಡತದ ಮಾತು ಕಡತದಲ್ಲೇ ಉಳಿಯುತ್ತದೆ ಎಂದು ಮತ್ತೆ ಮತ್ತೆ ಆ ಲಾಟಿನ ಕಡೆಗೇ ನೋಡುತ್ತಿದ್ದೆ.

ಗುಮಾಸ್ತರು ದರ ಕೂಗುತ್ತಾ ಬಂದರು. ಆ ಲಾಟಿನ ಸರದಿ ಬಂತು. ಕೂಗಿದ ದರಕ್ಕೆ ವ್ಯಾಪಾರಿಗಳೆಲ್ಲ ತಿರುಗಿ ನೋಡಿದರು. ನಾನು ಟೈಪ್ ಮಾಡಿದ್ದಕ್ಕಿಂತ ಸರಿಯಾಗಿ ಒಂದು ರೂಪಾಯಿ ಹೆಚ್ಚು. ಎದುರು ವಖಾರಿಯವರು ನಮ್ಮ ಯಜಮಾನರತ್ತ ನೋಡಿ ಮುಗುಳ್ನಕ್ಕರು, ಗೆದ್ದ ನಗು. ಒಳ್ಳೆಯ ಲಾಟುಗಳೆಲ್ಲ ನಮ್ಮ ಪಾಲಿಗೆ ಬಂದ ಮೇಲೆ ಆ ನಗು ಇಳಿಯಿತು.

ವಖಾರಿಗೆ ಬಂದು ಯಜಮಾನರು ಜಿಲೇಬಿ ತರಿಸಿದರು. “ಆಗಿದ್ದು ಆಗೋತು ತಂಗಿ. ಮನಸ್ಸಲ್ಲಿ ಇಟ್ಕಳಡ.”

“ಚಹದಂಗಡೀಲಿ ಹೇಳಿದ್ದು?”

“ಅದ್ನ ಈಗ ಎತ್ತಿದ್ರೆ, ಅವ್ನ ಕುರ್ಚಿ ಕೊಟ್ಟು ಕೂರ್ಸಿದ್ದು ಆನೇ ಹೇಳಿ ಆಗ್ತು. ಊರೆಲ್ಲ ನಗಾಡ್ತು.”

“ನಿಂಗ್ಳ ಕಂಡು ಒಂದು ದಿನ ನಗಾಡ್ತ, ಮರೀತ. ನನ್ನ ಯಾರೂ ಕೆಲಸಕ್ಕೆ ಇಟ್ಕತ್ವಿಲ್ಲೆ.” ನಾನು ಕೀಲಿಮಣೆಯನ್ನು ನನ್ನ ಕಡೆ ಎಳೆದುಕೊಂಡೆ. “ಆ ರಾಜೀನಾಮೆ ಎದುರು ವಖಾರಿಯವು ಓದಾತು. ಈಗ ಪ್ರಿಂಟ್ ತೆಗೆದು ನಿಂಗಕ್ಕೇ ಕೊಡ್ಲಾ?”

ಅವರು ಜಿಲೇಬಿಯ ಪೊಟ್ಟಣವನ್ನು ಮಡಚುತ್ತಾ, ಬಿಚ್ಚುತ್ತಾ ಕೂತರು. ಆಮೇಲೆ ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು. ಚಹದಂಗಡಿ ನಮ್ಮ ಬಾಗಿಲಿಗೆ ಮಾತು ಕೇಳುವಷ್ಟು ಹತ್ತಿರ. ಬೆಂಚಿನ ತುಂಬ ವ್ಯಾಪಾರಿಗಳು, ಹಸಿ ಲಾಟಿನ ಸುದ್ದಿಯನ್ನೇ ಆಡಿಕೊಳ್ಳುತ್ತಿದ್ದರು. ಯಜಮಾನರು ಕೂರಲಿಲ್ಲ.

“ನಮ್ಮ ವಖಾರಿಲಿ ಬಾಯಿ ನಿಲ್ಲದ್ದವು ಯಾರೂ ಇಲ್ಲೆ. ದರ ಹೋಗಿದ್ದು ಕಂಪ್ಯೂಟರಿನ ಒಳಗೆ ಕೂತ ಕಳ್ಳನಿಂದ. ಅವ್ನ ಕರೆದು, ಕವಳ ಕೊಟ್ಟು, ಪಾಸ್‌ವರ್ಡೂ ಹೇಳಿದ್ದು ಆನು. ಆ ಕೂಸಿನ ಮೇಲೆ ಸುಳ್ಳೇ ಹೇಳಿಬಿಟ್ಟಿದ್ದು.”

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಬೆಂಚೇ ನಕ್ಕಿತು. ಪಾಸ್‌ವರ್ಡನ್ನು ಕೂಗಿ ಹೇಳಿದ ವ್ಯಾಪಾರಿಯ ಕಥೆ ಪೇಟೆಯಲ್ಲಿ ಬಹಳ ದಿನ ಓಡಾಡಿತು. ಆ ಹೊತ್ತು ಅವರು ಕಿವಿ ಕೆಂಪು ಮಾಡಿಕೊಂಡು ಅಲ್ಲೇ ನಿಂತಿದ್ದರು. ನಾನು ಬಾಗಿಲಲ್ಲಿ ನಿಂತು ಅತ್ತೆ. ಸಮಾಧಾನಕ್ಕೆ ಅತ್ತದ್ದೋ, ಸಿಟ್ಟು ಇಳಿದದ್ದಕ್ಕೋ ಗೊತ್ತಿಲ್ಲ.

ಸಂಜೆ ರಿಪೇರಿಯವರು ಬಂದು ಕಳ್ಳ ಪ್ರೋಗ್ರಾಮನ್ನೂ ಜಾತಕದ್ದನ್ನೂ ಕಿತ್ತುಹಾಕಿದರು. ಮೂರೂ ಕಂಪ್ಯೂಟರುಗಳನ್ನು ತಡಕಾಡಿದರು. ಗೋದಾಮಿನದಕ್ಕೆ ಇಂಟರ್‌ನೆಟ್ ಬೇಡವೆಂದು ತಪ್ಪಿಸಿದರು. ಹೊಸದೇನನ್ನೂ ಹಾಕಲು ಆಗದಂಥ ಬೇರೆ ಬೇರೆ ಖಾತೆ ಮಾಡಿಕೊಟ್ಟು, ಸಿ.ಡಿ. ಹಾಕುವ ಜಾಗಕ್ಕೆ ಅಂಟುಪಟ್ಟಿ ಬಡಿದರು.

“ಅಕ್ಕಾರ, ನಿಮ್ಮ ಪಾಸ್‌ವರ್ಡ್ ಈಗ ನೀವ ಹಾಕ್ರಿ. ಯಾರಿಗೂ ಹೇಳಬ್ಯಾಡ್ರಿ. ಸಾಹುಕಾರ್ರಿಗೂ.”

ನಾನು ಕುರ್ಚಿಯಲ್ಲಿ ಕೂತೆ. ಹಿಂದೆ ಕವಳ ಅಗಿಯುವ ಸಪ್ಪಳ ಕೇಳಿತು. ಯಜಮಾನರು ಅಭ್ಯಾಸಬಲದಿಂದ ಬಂದು ಬೆನ್ನಿಗೆ ನಿಂತಿದ್ದರು. ನಾನು ಕೈಯೆತ್ತಿ ಸುಮ್ಮನೆ ಕಾದೆ. ಸ್ವಲ್ಪ ಹೊತ್ತಿಗೆ ಸಪ್ಪಳ ದೂರವಾಯಿತು. ತಿರುಗಿ ನೋಡಿದರೆ ಅವರು ಬಾಗಿಲ ಬಳಿ, ನನಗೆ ಬೆನ್ನು ಹಾಕಿ, ಬೀದಿ ನೋಡುತ್ತ ನಿಂತಿದ್ದರು.

“ಆತಾ ತಂಗಿ?” ಎಂದು ಅಲ್ಲಿಂದಲೇ ಕೇಳಿದರು.

“ಇನ್ನೂ ಆಯ್ದಿಲ್ಲೆ” ಎಂದೆ.

ಆಗುವವರೆಗೂ ಅವರು ತಿರುಗಲಿಲ್ಲ.